ಕುದುರೆಯೂ ಹೌದು, ಕತ್ತೆಯೂ ಹೌದು: ‘ಈಕ್ವೈನ್’ ಎಂಬ ಪದದ ಹಿಂದೆ ಮುಂದೆ

ಮಂಗಳೂರಿನ ಮಣ್ಣಗುಡ್ಡೆಯ ನಮ್ಮ ಓಣಿಗೆ ಮಳೆಗಾಲ ಮುಗಿದ ಮೇಲೆ ಒಂದೆರಡು ಬಾರಿ ಕತ್ತೆಹಾಲಿನವರು ಬರುತ್ತಾರೆ. ಘಟ್ಟದ ಮೇಲಿನವರು. ಮುಂದೆ ಹಗ್ಗ ಹಿಡಿದ ಹೆಂಗಸು, ನಡುವೆ ಬೂದುಬಣ್ಣದ ಹೆಣ್ಣುಕತ್ತೆ, ಅದರ ಹೊಟ್ಟೆಗೆ ಅಂಟಿಕೊಂಡಂತೆ ಮರಿ, ಕೊನೆಯಲ್ಲಿ ಕೂಗು ಹಾಕುವ ಗಂಡಸು. ಯಾರಾದರೂ ಗೇಟು ತೆರೆದರೆ ಅಲ್ಲೇ ನಿಲ್ಲಿಸಿ, ಮರಿಗೆ ಒಂದು ಕ್ಷಣ ಬಾಯಿಡಲು ಬಿಟ್ಟು, ಮತ್ತೆ ಅದನ್ನು ಎಳೆದು, ಸಣ್ಣ ಸ್ಟೀಲ್ ಲೋಟಕ್ಕೆ ನಾಲ್ಕು ಚಮಚದಷ್ಟು ಕರೆಯುತ್ತಾರೆ. ಕಾಯಿಸಬಾರದು, ಬಿಸಿ ಆರುವ ಮೊದಲೇ ಒಳಲೆಯಲ್ಲಿ ಮಗುವಿನ ಬಾಯಿಗೆ ಹಾಕಬೇಕು ಎಂಬುದು ಅವರ ಷರತ್ತು. ಹಸಿಹಾಲು ಬೇಡವೇ ಬೇಡ ಎಂಬುದು ಮಕ್ಕಳ ವೈದ್ಯರ ಷರತ್ತು. ಅಜ್ಜಿಯರು ಎರಡನ್ನೂ ಕೇಳಿಸಿಕೊಂಡು ತಮಗೆ ತೋಚಿದ್ದನ್ನು ಮಾಡುತ್ತಾರೆ.

ಒಂದು ವರ್ಷ ಅವರು ಬಂದ ವಾರವೇ ಗ್ಲಾಂಡರ್ಸ್ ರೋಗದ ಬಗ್ಗೆ ಒಂದು ಪ್ರಕಟಣೆ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕನ್ನಡಕ್ಕೆ ತಂದವನು ನಾನೇ. ಮೂಲದಲ್ಲಿ ‘ಈಕ್ವೈನ್’ಗಳ, ಅಂದರೆ ಕುದುರೆ, ಕತ್ತೆ ಮತ್ತು ಇವೆರಡರ ಮಿಶ್ರಸಂತಾನವಾದ ಹೇಸರಗತ್ತೆಗಳ ಮಾಲೀಕರು ಎಂದಿತ್ತು, ನಾನು ‘ಅಶ್ವಗಳ ಮಾಲೀಕರು’ ಎಂದು ಬರೆದಿದ್ದೆ. ಕತ್ತೆಯ ರಕ್ತಪರೀಕ್ಷೆ ಮಾಡಿಸಿದ್ದೀರಾ ಎಂದು ಆ ಗಂಡಸನ್ನು ಕೇಳಿದೆ. ಪತ್ರಿಕೆಯಲ್ಲಿ ಬಂದದ್ದನ್ನು ಯಾರೋ ಅವನಿಗೆ ಓದಿ ಹೇಳಿದ್ದರಂತೆ. ‘ಅದು ಕುದುರೆಯವರಿಗೆ ಸ್ವಾಮಿ, ನಮಗಲ್ಲ’ ಎಂದ. ಅವನು ಓದಿಸಿಕೊಂಡದ್ದು ಸರಿಯಾಗಿಯೇ ಇತ್ತು. ಗ್ಲಾಂಡರ್ಸ್ ಕುದುರೆಯಲ್ಲಿ ಎಷ್ಟೋ ವೇಳೆ ತಿಂಗಳುಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಕತ್ತೆಗೋ ಹೇಸರಗತ್ತೆಗೋ ತಗುಲಿದರೆ ದಿನಗಳ ಲೆಕ್ಕದಲ್ಲಿ ಮುಗಿಸಿಬಿಡುತ್ತದೆ. ಮನುಷ್ಯರಿಗೂ ಹರಡಬಲ್ಲ ರೋಗ ಅದು. ಯಾರಿಗೆ ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟಬೇಕಿತ್ತೋ ಅವನ ಮುಖಕ್ಕೆ ನಾನು ಆಯ್ದುಕೊಂಡ ಶಬ್ದ ಬಾಗಿಲು ಹಾಕಿತ್ತು.

ಅಂದಿನಿಂದ ಈ ‘ಈಕ್ವೈನ್’ ನನ್ನ ಬೆನ್ನು ಬಿಟ್ಟಿಲ್ಲ. ಪಶುವೈದ್ಯಕೀಯ ಸುತ್ತೋಲೆ, ಔಷಧದ ಚೀಟಿ, ಸಾಲದ ಅರ್ಜಿ, ಕ್ರೀಡಾಪುಟ, ತೆರಿಗೆ ಪಟ್ಟಿ, ಎಲ್ಲಿ ನೋಡಿದರೂ ಅದೇ. ಪ್ರತಿ ಕಡೆಯೂ ಅರ್ಥ ಒಂದಿಷ್ಟು ಜರುಗಿರುತ್ತದೆ.

ಪದದ ಬೇರು ಲ್ಯಾಟಿನ್ನಿನದು. ಅಲ್ಲಿ ಕುದುರೆಗೆ ‘ಈಕ್ವುಸ್’. ಅದರ ವಿಶೇಷಣ ‘ಈಕ್ವೀನುಸ್’, ಅಂದರೆ ಕುದುರೆಗೆ ಸೇರಿದ್ದು. ಈ ‘ಈಕ್ವುಸ್’ ನಮಗೆ ತೀರ ಪರಕೀಯವಲ್ಲ: ಸಂಸ್ಕೃತದ ‘ಅಶ್ವ’, ಪರ್ಷಿಯನ್ನಿನ ‘ಅಸ್ಪ್’, ಗ್ರೀಕಿನ ‘ಹಿಪ್ಪೊಸ್’ ಎಲ್ಲವೂ ಒಂದೇ ಮೂಲದ ದಾಯಾದಿಗಳು ಎಂದು ಭಾಷಾಶಾಸ್ತ್ರಜ್ಞರು ಎಂದೋ ತೀರ್ಮಾನಿಸಿದ್ದಾರೆ. ನಮ್ಮ ‘ಕುದುರೆ’ ಆ ಕುಟುಂಬದ್ದಲ್ಲ. ಅದು ತಮಿಳಿನ ‘ಕುದಿರೈ’, ಮಲಯಾಳದ ‘ಕುದಿರ’ದ ಪಂಕ್ತಿಯದು. ಇಂಗ್ಲಿಷರೂ ತಮ್ಮ ಕೊಟ್ಟಿಗೆಯ ಪ್ರಾಣಿಗೆ ಸ್ವಂತ ಶಬ್ದವಿಟ್ಟುಕೊಂಡು, ವಿದ್ವತ್ತಿನ ಬಳಕೆಗೆ ಮಾತ್ರ ಲ್ಯಾಟಿನ್ ತಂದುಕೊಂಡರು. ಹಸುವಿಗೆ ‘ಬೋವೈನ್’, ನಾಯಿಗೆ ‘ಕೆನೈನ್’, ಬೆಕ್ಕಿಗೆ ‘ಫೀಲೈನ್’ ಬಂದದ್ದು ಹೀಗೆಯೇ. ಕತ್ತೆಗೂ ಇಂಥದೊಂದು ಪದ ಬಂತು, ‘ಆಸಿನೈನ್’. ಆದರೆ ಅದು ಪ್ರಾಣಿಯ ಮೈಮೇಲೆ ಹೆಚ್ಚು ದಿನ ನಿಲ್ಲದೆ ಮನುಷ್ಯರ ದಡ್ಡತನದ ಮೇಲೆ ಹೋಗಿ ಕುಳಿತಿತು. ಹೀಗಾಗಿ ಕತ್ತೆಯನ್ನು ಗೌರವದಿಂದ ಕರೆಯಬೇಕಾದಾಗ ಇಂಗ್ಲಿಷಿನಲ್ಲಿಯೂ ಕುದುರೆಯ ಹೆಸರಿನಡಿಯಲ್ಲೇ ಕರೆಯಬೇಕು.

ಮಂಗಳೂರಿನ ಕಿವಿಗೆ ಇನ್ನೊಂದು ಗೊಂದಲವಿದೆ. ಬ್ಯಾಂಕುಗಳನ್ನು ಹೆತ್ತ ಜಿಲ್ಲೆ ಇದು. ಇಲ್ಲಿ ‘ಈಕ್ವಿ’ ಎಂದರೆ ಮೊದಲು ನೆನಪಾಗುವುದು ಈಕ್ವಿಟಿ. ಅದು ‘ಸಮ’ ಎಂಬರ್ಥದ ಬೇರೆಯೇ ಲ್ಯಾಟಿನ್ ಶಬ್ದದಿಂದ ಬಂದದ್ದು, ಹಗಲಿರುಳು ಸಮವಾಗುವ ಈಕ್ವಿನಾಕ್ಸ್ ಕೂಡ ಅದರದೇ ಸಂತಾನ. ಷೇರುಪೇಟೆಯಲ್ಲಿ ಗೂಳಿಯಿದೆ, ಕರಡಿಯಿದೆ, ಕುದುರೆ ಮಾತ್ರ ಇಲ್ಲ.

ಪ್ರಾಣಿಶಾಸ್ತ್ರದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಸುಮಾರು 5.5 ಕೋಟಿ ವರ್ಷಗಳ ಹಿಂದೆ ನಾಯಿ ಗಾತ್ರದ, ಹಲವು ಬೆರಳಿನ ಪ್ರಾಣಿಯಾಗಿ ಹೊರಟದ್ದು ಕೊನೆಗೆ ಒಂದೇ ಬೆರಳಿನ ಮೇಲೆ ಓಡುವ ಕುದುರೆಯಾಗಿ ನಿಂತಿತು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕುದುರೆ, ಕತ್ತೆ, ಜೀಬ್ರಾ ಮೂರನ್ನೂ ‘ಈಕ್ವುಸ್’ ಎಂಬ ಒಂದೇ ಕುಲದೊಳಗೆ ಹಾಕಿದರು. 1821ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಗ್ರೇ ಅದಕ್ಕೆ ‘ಈಕ್ವಿಡೇ’ ಎಂಬ ಕುಟುಂಬದ ಹೆಸರು ಕೊಟ್ಟರು. 1848ರಲ್ಲಿ ಅದೇ ದೇಶದ ಓವನ್ ಗೊರಸಿನ ಪ್ರಾಣಿಗಳನ್ನು ಬೆಸ ಬೆರಳು, ಸರಿ ಬೆರಳು ಎಂದು ಎರಡು ಪಾಲು ಮಾಡಿದಾಗ ಕುದುರೆಯ ಪಕ್ಕದಲ್ಲಿ ಬಂದು ನಿಂತದ್ದು ಖಡ್ಗಮೃಗ ಮತ್ತು ಟೇಪಿರ್. ಹಟ್ಟಿಯಲ್ಲಿ ಪಕ್ಕಪಕ್ಕ ಕಟ್ಟುವ ಹಸುವಿಗಿಂತ ಕಾಜಿರಂಗದ ಖಡ್ಗಮೃಗವೇ ಕುದುರೆಗೆ ಹತ್ತಿರದ ಸಂಬಂಧಿ. ಇಂದು ಈ ಮನೆತನದಲ್ಲಿ ಉಳಿದಿರುವುದು ಕುದುರೆ, ಆಫ್ರಿಕಾದ ಕಾಡುಕತ್ತೆ, ಏಷ್ಯಾದ ಕಾಡುಕತ್ತೆ, ಲಡಾಖ್ ಮತ್ತು ಟಿಬೆಟ್ಟಿನ ಕಿಯಾಂಗ್, ಮೂರು ಬಗೆಯ ಜೀಬ್ರಾ, ಇಷ್ಟೇ. ಏಷ್ಯಾದ ಕಾಡುಕತ್ತೆಯ ಭಾರತೀಯ ಬಳಗ ಕಛ್‌ನ ಚಿಕ್ಕ ರಣ್‌ನಲ್ಲಿದೆ. 2024ರ ಗಣತಿಯಲ್ಲಿ 7,672 ಸಿಕ್ಕವು.

ಕುದುರೆಗೆ 64 ವರ್ಣತಂತು, ಕತ್ತೆಗೆ 62. ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟಿದ ಹೇಸರಗತ್ತೆಗೆ 63. ಬೆಸ ಸಂಖ್ಯೆಯಾದ ಕಾರಣ ಜೋಡಿ ಹೊಂದುವುದಿಲ್ಲ, ಸಂತಾನವಾಗುವುದಿಲ್ಲ. ಅಪ್ಪ ಕುದುರೆ, ಅಮ್ಮ ಕತ್ತೆಯಾದರೆ ಹುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಹಿನ್ನಿ’ ಎಂಬ ಬೇರೆ ಹೆಸರಿದೆ. ಕನ್ನಡ ಅಷ್ಟು ದೂರ ಹೋಗಿ ವಿಚಾರಿಸಿಲ್ಲ. ಕರಾವಳಿಯಲ್ಲಂತೂ ಹೇಸರಗತ್ತೆಯನ್ನು ಕಣ್ಣಿಂದ ಕಂಡವರು ಕಡಿಮೆ. ಅದೆಂದರೆ ಜೀಬ್ರಾ ತಾನೇ ಎಂದು ನನ್ನನ್ನು ಕೇಳಿದ ಪದವೀಧರರಿದ್ದಾರೆ.

ಇಲ್ಲಿಗೆ ಪದದ ಮೂರು ಮಡಿಕೆ ಕಾಣುತ್ತವೆ. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಈಕ್ವೈನ್ ಎಂದರೆ ಬಹುಮಟ್ಟಿಗೆ ಕುದುರೆಯೇ. ಪಶುವೈದ್ಯರಿಗೆ, ಕಾನೂನಿಗೆ ಅದು ಕುದುರೆ, ಕತ್ತೆ, ಹೇಸರಗತ್ತೆ ಮೂರೂ. ಪ್ರಾಣಿಶಾಸ್ತ್ರಜ್ಞರು ಜೀಬ್ರಾವನ್ನೂ ಸೇರಿಸಿ ಇಡೀ ಮನೆತನವನ್ನು ಹೇಳಬೇಕಾದಾಗ ‘ಈಕ್ವಿಡ್’ ಎನ್ನಲು ಇಷ್ಟಪಡುತ್ತಾರೆ. ಕುದುರೆ ಹತ್ತಿದ ಮನುಷ್ಯನದು ಮತ್ತೊಂದು ಪದ, ‘ಈಕ್ವೆಸ್ಟ್ರಿಯನ್’. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ 41 ವರ್ಷಗಳ ನಂತರ ಕುದುರೆ ಸವಾರಿಯಲ್ಲಿ ಚಿನ್ನ ಬಂದ ದಿನ, ಎರಡೂ ಪದಗಳನ್ನು ಅದಲು ಬದಲು ಮಾಡಿದ ಪ್ರತಿಗಳನ್ನು ನಾನೇ ತಿದ್ದಿದ್ದೇನೆ.

ಆಸ್ಪತ್ರೆಗಳ ಊರಾದ ಮಂಗಳೂರು, ಮಣಿಪಾಲದಲ್ಲಿ ನಾಲ್ಕನೆಯದೊಂದು ಮಡಿಕೆಯೂ ಇದೆ. ಬೆನ್ನುಹುರಿಯ ಕೆಳತುದಿಯಲ್ಲಿ ಕವಲೊಡೆದು ಇಳಿಬಿದ್ದ ನರಗಳ ಗೊಂಚಲಿಗೆ ‘ಕಾಡಾ ಈಕ್ವೈನಾ’, ಅಂದರೆ ಕುದುರೆಬಾಲ. ಪಾದ ಕೆಳಕ್ಕೆ ಬಾಗಿ ಬೆರಳತುದಿಯಲ್ಲಿ ನಿಲ್ಲುವ ತೊಂದರೆಗೆ ‘ಈಕ್ವೈನಸ್’, ಏಕೆಂದರೆ ಕುದುರೆ ನಿಲ್ಲುವುದೇ ಹಾಗೆ. ಹುಚ್ಚುನಾಯಿ ಕಚ್ಚಿದವರಿಗೆ ಕೊಡುವ ಒಂದು ಚುಚ್ಚುಮದ್ದಿನ ಪೆಟ್ಟಿಗೆಯ ಮೇಲೆ ‘ಈಕ್ವೈನ್’ ಎಂದಿರುತ್ತದೆ. ಹಾವಿನ ವಿಷದ ಮದ್ದನ್ನೂ ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ ಅದರ ರಕ್ತದಿಂದ ತೆಗೆಯುತ್ತಾರೆ. ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡು ಬದುಕಿ ಬಂದ ಮನುಷ್ಯ ಹುಟ್ಟಿನಿಂದ ಕುದುರೆ ಮುಟ್ಟಿರಲಾರ, ಆದರೆ ಅವನ ನಾಳಗಳಲ್ಲಿ ಒಂದಿಷ್ಟು ಕುದುರೆ ಹರಿದಿರುತ್ತದೆ.

ಕುದುರೆ ಮುಟ್ಟಿರಲಾರ ಎಂದದ್ದು ಸುಮ್ಮನೆ ಅಲ್ಲ. ಇದು ಕುದುರೆಯ ನಾಡೇ ಅಲ್ಲ. ಆರು ತಿಂಗಳು ಕೆಸರು, ಉಳಿದ ಆರು ತಿಂಗಳು ಜಂಬಿಟ್ಟಿಗೆಯ ಬಿಸಿ, ಹೊಳೆಗೊಂದು ದೋಣಿ. 14ನೆಯ ಶತಮಾನದಲ್ಲಿ ಬಾರಕೂರು, ಮಂಗಳೂರುಗಳನ್ನು ಹಾದು ಮಲಬಾರಿಗೆ ಇಳಿದ ಇಬ್ನ್ ಬತೂತ, ಈ ದೇಶದಲ್ಲಿ ಪ್ರಾಣಿಯ ಮೇಲೆ ಕುಳಿತು ಯಾರೂ ಪ್ರಯಾಣ ಮಾಡುವುದಿಲ್ಲ, ದೊರೆಯ ಬಳಿ ಮಾತ್ರ ಕುದುರೆ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಕುದುರೆ ಇಲ್ಲಿಗೆ ಬಂದರೂ ದಾಟಿಹೋಗಲು ಬಂದದ್ದು. ಅರಬ್ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. 1443ರಲ್ಲಿ ತೈಮೂರ್ ವಂಶದ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಹೊರಟದ್ದು ಮಂಗಳೂರಿನಲ್ಲಿ ಹಡಗಿಳಿದೇ. ಅರಸನಿಗೆ ಒಪ್ಪಿಸಿದ ಕಾಣಿಕೆಯಲ್ಲಿ ಐದು ಕುದುರೆಗಳಿದ್ದವು.

ಪ್ರಾಣಿ ಇಲ್ಲದಿದ್ದರೇನು, ಶಬ್ದಕ್ಕೆ ಮಾತ್ರ ಇಲ್ಲಿ ಬರವಿಲ್ಲ. ಉಡುಪಿಯಲ್ಲಿ ಎರಡು ವರ್ಷದ ಪರ್ಯಾಯ ಪದ್ಧತಿಯನ್ನು ತಂದ ವಾದಿರಾಜರ ಅಂಕಿತವೇ ‘ಹಯವದನ’. ಕುದುರೆಮುಖದ ದೇವರು ಅವರ ಹೆಗಲ ಮೇಲೆ ಕಾಲಿಟ್ಟು ಬಂದು ತಿನ್ನುತ್ತಿದ್ದನೆಂಬ ಕಡಲೆಬೇಳೆಯ ಹಯಗ್ರೀವ ಮಡ್ಡಿ ಇವತ್ತಿಗೂ ಮಠದ ಪಂಕ್ತಿಯಲ್ಲಿ ಬಾಳೆಲೆಗೆ ಬೀಳುತ್ತದೆ. ಯಕ್ಷಗಾನದಲ್ಲಿ ಅಶ್ವಮೇಧದ ಪ್ರಸಂಗಗಳು ಸಾಲುಸಾಲು: ಸುಧನ್ವ, ಬಭ್ರುವಾಹನ, ತಾಮ್ರಧ್ವಜ. ರಂಗಸ್ಥಳದಲ್ಲಿ ಕುದುರೆ ಕಾಣಿಸುವುದು ಅಪರೂಪ, ಆದರೆ ಅದನ್ನು ಕಟ್ಟಿದವರು ಯಾರು ಎಂಬ ಜಗಳ ಬೆಳಗಿನವರೆಗೂ ನಡೆಯುತ್ತದೆ, ತುರಗ, ಹಯ, ವಾಜಿ ಎಂದು ಅರ್ಥಧಾರಿ ಒಂದು ಶಬ್ದವನ್ನು ಎರಡು ಸಲ ಬಳಸದೆ ಮಾತಾಡುತ್ತಾನೆ. ತೇರಿನ ಮುಂದೆ ತಟ್ಟಿರಾಯನ ಜೊತೆ ಕುಣಿಯುವುದು ಕೀಲುಕುದುರೆ, ಅದರ ಕಾಲು ಮನುಷ್ಯನದು. ಕಡಲಿನಿಂದ ನೋಡಿದ ನಾವಿಕರಿಗೆ ಘಟ್ಟದಂಚಿನ ಒಂದು ಶಿಖರ ಕುದುರೆಯ ಮುಖದಂತೆ ಕಂಡು ಕುದುರೆಮುಖವಾಯಿತು. ಆಮೇಲೆ ಅಲ್ಲಿಂದ ಪಣಂಬೂರಿಗೆ ಕೊಳವೆಯಲ್ಲಿ ಹರಿದುಬಂದದ್ದು ಕಬ್ಬಿಣದ ಅದಿರು. ಹುರುಳಿಗೆ ಇಂಗ್ಲಿಷರು ‘ಹಾರ್ಸ್ ಗ್ರಾಂ’ ಎಂದರು. ನಮ್ಮಲ್ಲಿ ಕುಡುತ (ಹುರುಳಿಯ) ಸಾರು ಮಾಡಿ ಉಣ್ಣುವವರಿಗೆ ತಾವು ಕುದುರೆಯ ಮೇವು ತಿನ್ನುತ್ತಿದ್ದೇವೆ ಎಂದು ಯಾವತ್ತೂ ಅನ್ನಿಸಿಲ್ಲ. ಇದರ ಮೇಲೆ ಹೊಳೆಯ ನಡುಗಡ್ಡೆಗೆ ತುಳುವಿನಲ್ಲಿ ‘ಕುದ್ರು’ ಎನ್ನುತ್ತಾರೆ. ಹೊರಗಿನಿಂದ ಬಂದ ಉತ್ಸಾಹಿಯೊಬ್ಬರು ಇಷ್ಟೊಂದು ಕುದ್ರುಗಳನ್ನು ಭೂಪಟದಲ್ಲಿ ಕಂಡು, ಇಲ್ಲೆಲ್ಲ ಅರಸರ ಕುದುರೆಲಾಯ ಇತ್ತೇ ಎಂದು ನನ್ನನ್ನು ಕೇಳಿದ್ದರು.

ಇಷ್ಟೆಲ್ಲದರಲ್ಲಿ ಕತ್ತೆ ಎಲ್ಲಿ? ಬೈಗುಳದಲ್ಲಿ, ಗಾದೆಯಲ್ಲಿ, ಮತ್ತೆ ಬೈಗುಳದಲ್ಲಿ.

ಇದನ್ನು ಇಲ್ಲಿಯೇ ಒತ್ತಿ ಹೇಳಬೇಕು, ಏಕೆಂದರೆ ತೊಡಕು ಹುಟ್ಟಿದ್ದೇ ಇಲ್ಲಿ. ಸಂಸ್ಕೃತದ ಅಮರಕೋಶ ತೆಗೆದು ನೋಡಿ. ಕುದುರೆಗೆ 13 ಹೆಸರು: ಘೋಟಕ, ತುರಗ, ಅಶ್ವ, ವಾಜಿ, ಹಯ, ಸೈಂಧವ ಮೊದಲಾಗಿ. ಅವು ಇರುವುದು ಕ್ಷತ್ರಿಯವರ್ಗದಲ್ಲಿ, ಆನೆ, ರಥ, ಆಯುಧಗಳ ಸಾಲಿನಲ್ಲಿ. ಕತ್ತೆಗೆ ಚಕ್ರೀವಂತ, ವಾಲೇಯ, ರಾಸಭ, ಗರ್ದಭ, ಖರ ಎಂದು ಐದು. ಅವು ಇರುವುದು ವೈಶ್ಯವರ್ಗದಲ್ಲಿ, ಒಂಟೆ, ಆಡುಗಳ ಜೊತೆ. ಕೋಶಕಾರ ಪ್ರಾಣಿಯ ಕಾಲು ನೋಡಲಿಲ್ಲ, ಅದು ಯಾರ ಮನೆಯ ಮುಂದೆ ಕಟ್ಟಿದೆ ಎಂದು ನೋಡಿದ. ‘ಅಶ್ವ’ ಎಂಬ ಶಬ್ದದ ಜೊತೆ ನೂರಾರು ವರ್ಷಗಳಿಂದ ಆ ಅಂತಸ್ತು ಬಂದಿದೆ. ‘ಅಶ್ವ’ ಎಂದು ಬರೆದ ಮೇಲೆ ಬ್ರಾಕೆಟ್ಟಿನಲ್ಲಿ ಕತ್ತೆಯನ್ನೂ ಸೇರಿಸಿದ್ದೇವೆ ಎಂದರೆ ಓದುವವನ ಕಿವಿ ಒಪ್ಪುವುದಿಲ್ಲ. ‘ಅಶ್ವಶಕ್ತಿ’ ಎಂದಾಗ ಯಾರಿಗೂ ತಕರಾರಿಲ್ಲ, 10 ಅಶ್ವಶಕ್ತಿಯ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂದರೆ ಬೆಳ್ತಂಗಡಿಯ ಕೃಷಿಕನಿಗೆ ತಟ್ಟನೆ ತಿಳಿಯುತ್ತದೆ. ಅಲ್ಲಿ ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ.

ಕೋಶಗಳ ವಿಷಯಕ್ಕೆ ಬಂದರೆ ಈ ಊರಿನಷ್ಟು ಸಿರಿವಂತ ಊರು ಕಡಿಮೆ. ಮಂಗಳೂರಿನಲ್ಲಿ 1883ರಲ್ಲಿ ಮಾಫೈ ಅವರ ಇಂಗ್ಲಿಷ್–ಕೊಂಕಣಿ ಕೋಶ, 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ಕೋಶ, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶ ಅಚ್ಚಾದವು. ನೂರು ವರ್ಷಗಳ ಬಳಿಕ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟು ತಂದಿತು. ಆದರೆ ಇವುಗಳಲ್ಲಿ ಬಹುಪಾಲು ನಮ್ಮ ಮಾತಿನಿಂದ ಇಂಗ್ಲಿಷಿಗೆ ಹೋಗುವ ದಾರಿ. ‘ಕುದುರೆ’ ಎಂದರೆ ಏನು ಎಂದು ಜರ್ಮನಿಯಿಂದ ಬಂದವನಿಗೆ ತಿಳಿಯಬೇಕಿತ್ತು. ‘ಈಕ್ವೈನ್’ ಎಂದರೆ ಏನು ಎಂದು ಕತ್ತೆ ಹೊಡೆಯುವವನಿಗೆ ತಿಳಿಸಬೇಕಾದ ಅಗತ್ಯ ಆ ಕಾಲಕ್ಕೆ ಬಂದಿರಲಿಲ್ಲ.

ಆ ಅಗತ್ಯವನ್ನು ತಂದದ್ದು ಕಾನೂನು. 1899ರ ಗ್ಲಾಂಡರ್ಸ್ ಮತ್ತು ಫಾರ್ಸಿ (ಅದೇ ರೋಗದ ಚರ್ಮದ ರೂಪ) ಕಾಯಿದೆ ‘ಕುದುರೆ’ ಎಂಬ ಸರಳ ಪದವನ್ನೇ ಬಳಸಿ, ಕುದುರೆಗೆ ಹೇಳಿದ್ದು ಕತ್ತೆ, ಹೇಸರಗತ್ತೆಗೂ ಅನ್ವಯ ಎಂದು ಕೈತೊಳೆದುಕೊಂಡಿತು. ಒರಟು ಉಪಾಯ, ಆದರೆ ಪ್ರಾಮಾಣಿಕ ಉಪಾಯ: ಕತ್ತೆಯ ಹೆಸರು ಕಾಯಿದೆಯಲ್ಲೇ ಇತ್ತು. ಪ್ರಾಣಿಗಳ ಸಾಗಾಟದ 1978ರ ನಿಯಮಗಳು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಒಮ್ಮೆ ಹೆಸರಿಸಿ, ‘ಮುಂದೆ ಇವನ್ನು ಈಕ್ವೈನ್ ಎನ್ನಲಾಗುವುದು’ ಎಂದವು. ಅಲ್ಲಿಗೆ ಪದಕ್ಕೆ ವ್ಯಾಖ್ಯೆಯೂ ಸಿಕ್ಕಿತು, ಹೆಸರುಗಳು ಕಣ್ಮರೆಯಾಗುವ ದಾರಿಯೂ ತೆರೆಯಿತು. 2009ರ ಸಾಂಕ್ರಾಮಿಕ ಪ್ರಾಣಿರೋಗ ಕಾಯಿದೆ 1899ರ ಕಾಯಿದೆಯನ್ನು ರದ್ದುಮಾಡಿತು. ಅದರ ಅನುಸೂಚಿಯಲ್ಲಿ ಉಳಿದದ್ದು ‘ಈಕ್ವೈನ್ ರೋಗಗಳು’ ಎಂಬ ಶೀರ್ಷಿಕೆ. ಅತ್ತ ಹರಿಯಾಣದ ಹಿಸಾರ್‌ನಲ್ಲಿ 1985ರಿಂದಲೂ ಈಕ್ವೈನ್‌ಗಳಿಗೆಂದೇ ರಾಷ್ಟ್ರೀಯ ಸಂಶೋಧನ ಕೇಂದ್ರವಿದೆ.

ಸರ್ಕಾರದ ಬೇರೆ ಕೈಗಳು ಮಾತ್ರ ಪ್ರಾಣಿಗಳನ್ನು ಬೇರೆಬೇರೆಯಾಗಿಯೇ ಎಣಿಸುತ್ತವೆ. ಜಾನುವಾರು ಗಣತಿಯಲ್ಲಿ ಕುದುರೆಗೆ ಒಂದು ಕಲಮು, ಹೇಸರಗತ್ತೆಗೆ ಒಂದು, ಕತ್ತೆಗೆ ಒಂದು. 2019ರಲ್ಲಿ ದೇಶದಲ್ಲಿ ಕುದುರೆಗಳು 3.4 ಲಕ್ಷ, ಕತ್ತೆಗಳು 1.2 ಲಕ್ಷ, ಹೇಸರಗತ್ತೆಗಳು 84 ಸಾವಿರ ಇದ್ದವು. ಏಳು ವರ್ಷಗಳ ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಕುದುರೆ ಶೇ 45ಕ್ಕೂ ಹೆಚ್ಚು, ಕತ್ತೆ ಶೇ 61ಕ್ಕೂ ಹೆಚ್ಚು ಕುಸಿದಿದ್ದವು. ತೆರಿಗೆಯವರಿಗೂ ಅವು ಒಂದಲ್ಲ: ಜೀವಂತ ಕುದುರೆಗೆ ಜಿಎಸ್‌ಟಿ ಇದೆ, 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ 5ಕ್ಕೆ ಇಳಿಯಿತು; ಕತ್ತೆ, ಹೇಸರಗತ್ತೆಗೆ ತೆರಿಗೆಯೇ ಇಲ್ಲ. ಅಮರಕೋಶದ ವರ್ಗವಿಭಾಗ ಜಿಎಸ್‌ಟಿಯಲ್ಲಿ ಮುಂದುವರಿದಿದೆ ಎನ್ನಬೇಕು.

ಇಂಗ್ಲಿಷಿನ ಪದ ಹೀಗೆ ಗಟ್ಟಿಯಾಗುತ್ತಿದ್ದ ಹೊತ್ತಿಗೆ ಕನ್ನಡದ ಮೇಜುಗಳ ಮೇಲೆ ಏನಾಯಿತು ಎಂಬುದು ನಾನು ಹತ್ತಿರದಿಂದ ಕಂಡ ಭಾಗ. ನಾನು ಉಪಸಂಪಾದಕನಾಗಿ ಸೇರಿದಾಗ ಪ್ರಕಟಣೆಗಳು ಫ್ಯಾಕ್ಸ್‌ನಲ್ಲಿ ಬರುತ್ತಿದ್ದವು. ಇಂಗ್ಲಿಷಿನಲ್ಲಿ ಒಂದು, ಅದರ ಕೆಳಗೆ ಕಚೇರಿಯವರೇ ಮಾಡಿದ ಕನ್ನಡ ಒಂದು. ಆ ಕನ್ನಡದಲ್ಲಿ ಈಕ್ವೈನ್ ಎಂಬುದು ‘ಅಶ್ವ’ವಾಗಿರುತ್ತಿತ್ತು. ಶುದ್ಧ, ಗಂಭೀರ, ಮೂರಕ್ಷರವೂ ಇಲ್ಲ; ಒಂದು ಕಾಲಮಿನ ತಲೆಬರಹಕ್ಕೆ ಹೇಳಿ ಮಾಡಿಸಿದಂತೆ. ಯಾರೂ ಅನುಮಾನಿಸಲಿಲ್ಲ, ನಾನೂ ಅನುಮಾನಿಸಲಿಲ್ಲ. ಆಮೇಲೆ ಯಾರೋ ಜಾಗರೂಕರು ‘ಅಶ್ವಜಾತಿ’ ಎಂದರು. ಜಾತಿ ಎಂಬ ಶಬ್ದ ಕಂಡಲ್ಲಿ ನಮ್ಮ ಸುದ್ದಿಮನೆಗಳು ಎರಡು ಸಲ ಯೋಚಿಸುತ್ತವೆ, ಹಾಗಾಗಿ ‘ಅಶ್ವವರ್ಗ’ ಬಂತು. ‘ಕುದುರೆ ಮುಂತಾದ ಪ್ರಾಣಿಗಳು’ ಬಂತು. ಈ ‘ಮುಂತಾದ’ ಎಂಬುದರೊಳಗೆ ಆನೆಯೂ ಹಿಡಿಸುತ್ತದೆ, ಒಂಟೆಯೂ ಹಿಡಿಸುತ್ತದೆ.

ಕಂಪ್ಯೂಟರ್ ಅನುವಾದ ಬಂದ ಮೇಲೆ ಆಯಾಸ ಕಡಿಮೆಯಾಯಿತು, ಗೊಂದಲ ಹೆಚ್ಚಿತು. ಪದವನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸುವುದು ವಾಡಿಕೆಯಾಯಿತು: ಈಕ್ವೈನ್, ಇಕ್ವೈನ್, ಎಕ್ವೈನ್, ಒಂದು ಸಲ ‘ಎಕ್ವಿನ್’. ಲಿಪಿ ನಮ್ಮದು, ಅರ್ಥ ಯಾರದೂ ಅಲ್ಲ. ಬಸ್ಸು, ಮೊಬೈಲುಗಳನ್ನು ನಾವು ದಕ್ಕಿಸಿಕೊಂಡಿದ್ದೇವೆ, ಏಕೆಂದರೆ ಕೈಯಲ್ಲಿ ಹಿಡಿದಿದ್ದೇವೆ, ಹತ್ತಿ ಇಳಿದಿದ್ದೇವೆ. ಈಕ್ವೈನ್ ಯಾರ ಹಟ್ಟಿಗೂ ಬಂದ ಪ್ರಾಣಿಯಲ್ಲ. ಹಟ್ಟಿಗೆ ಬರುವುದು ಕುದುರೆ ಅಥವಾ ಕತ್ತೆ.

2022ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಇರಾ ಗ್ರಾಮದಲ್ಲಿ 20 ಕತ್ತೆಗಳ ಫಾರ್ಮ್ ಶುರುವಾದಾಗ ಈ ವಿಷಯಕ್ಕೆ ಒಮ್ಮೆಲೇ ಜೀವ ಬಂತು. ಸಾಫ್ಟ್‌ವೇರ್ ನೌಕರಿ ಬಿಟ್ಟು ಬಂದವರೊಬ್ಬರ ಸಾಹಸ. 30 ಮಿಲಿಲೀಟರ್ ಹಾಲಿನ ಪೊಟ್ಟಣಕ್ಕೆ 150 ರೂಪಾಯಿ ಬೆಲೆ ಎಂದು ಸುದ್ದಿಯಾಯಿತು. ಜಿಲ್ಲೆಯ ಪತ್ರಿಕೆಗಳಲ್ಲಿ ಕತ್ತೆ ಎಂಬ ಶಬ್ದ ಬೈಗುಳವಲ್ಲದೆ, ಗಾದೆಯಲ್ಲದೆ, ಬಂಡವಾಳದ ಪಕ್ಕದಲ್ಲಿ ಅಚ್ಚಾದದ್ದನ್ನು ನಾನು ಕಂಡದ್ದು ಆಗಲೇ. ನಗುವವರು ನಕ್ಕರು. ಕೆಲವು ದಿನಗಳಲ್ಲೇ ಸಾಲ ಸಿಗುತ್ತದೆಯೇ, ವಿಮೆ ಇದೆಯೇ, ಲಸಿಕೆ ಯಾವುದು ಎಂದು ಕೇಳಿ ಬರುವ ಪತ್ರಗಳೂ ಹೆಚ್ಚಿದವು. ಉತ್ತರ ಹುಡುಕಹೊರಟರೆ ಪ್ರತಿ ಕಾಗದದಲ್ಲೂ ಅದೇ ಈಕ್ವೈನ್. ಇದು ಕತ್ತೆಗೂ ಅನ್ವಯಿಸುತ್ತದೆಯೇ ಎಂದು ಕೇಳಿದರೆ ಮೇಜಿನ ಆಚೆ ಇದ್ದವರು ‘ಅದನ್ನು ನೋಡಬೇಕು’ ಎನ್ನುತ್ತಿದ್ದರು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಬಂಡವಾಳ ಸಹಾಯಧನ ಘೋಷಿಸಿದಾಗ, ಆ ಪ್ರಕಟಣೆಯಲ್ಲಿ ‘ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ’ ಎಂದು ನಾಲ್ಕನ್ನೂ ಹೆಸರು ಹಿಡಿದು ಕರೆದಿದ್ದರು. ಅದನ್ನು ಕನ್ನಡಕ್ಕೆ ತರಲು ನನಗೆ ಒಂದು ನಿಮಿಷ ಹಿಡಿಯಲಿಲ್ಲ. ಆ ದಿನ ಯಾರ ಫೋನೂ ಬರಲಿಲ್ಲ.

ಈ ನಡುವೆ ಉಡುಪಿಯ ರಾಜಾಂಗಣದಲ್ಲಿ ಒಂದು ಸಂಜೆ ಭಾಗವತದ ಪ್ರವಚನ ಕೇಳುತ್ತಿದ್ದೆ. ಮೂರನೆಯ ಸ್ಕಂಧ, ಸೃಷ್ಟಿಯ ಭಾಗ. ಪ್ರಾಣಿಗಳನ್ನು ಗೊರಸಿನ ಪ್ರಕಾರ ವಿಂಗಡಿಸುವ ಶ್ಲೋಕಗಳು ಬಂದವು. ಹಸು, ಆಡು, ಎಮ್ಮೆ ಮೊದಲಾದವು ದ್ವಿಶಫ, ಎರಡು ಗೊರಸಿನವು. ನಾಯಿ, ನರಿ, ಹುಲಿಗಳು ಪಂಚನಖ. ನಡುವೆ ‘ಖರೋಽಶ್ವೋಽಶ್ವತರಃ’: ಕತ್ತೆ, ಕುದುರೆ, ಹೇಸರಗತ್ತೆ, ಇವು ‘ಏಕಶಫ’. ಅಂದರೆ ಒಂಟಿ ಗೊರಸಿನವು. ನಾನು ನೆಟ್ಟಗೆ ಕುಳಿತೆ. ಕತ್ತೆಯ ಹೆಸರೇ ಮೊದಲು! ಮನುಸ್ಮೃತಿಯಲ್ಲೂ ಈ ಶಬ್ದವಿದೆ ಎಂದು ಆಮೇಲೆ ಹುಡುಕಿದಾಗ ಸಿಕ್ಕಿತು. ಗೊರಸಿನ ಬೆರಳೆಣಿಸಿದ ಓವನ್‌ಗಿಂತ ಮೊದಲೇ ನಮ್ಮವರು ಕಂಡುಹಿಡಿದಿದ್ದರು ಎಂದು ಎದೆತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅದೇ ಪಟ್ಟಿಯಲ್ಲಿ ಚಮರೀಮೃಗವೂ ಇದೆ, ಅದರ ಗೊರಸು ಸೀಳಿರುವುದು ಯಾರಿಗೂ ಕಾಣುತ್ತದೆ. ಶರಭ ಎಂಬ, ಯಾರೂ ಕಾಣದ ಪ್ರಾಣಿಯೂ ಇದೆ. ಆದರೆ ಕುದುರೆ, ಕತ್ತೆಗಳನ್ನು ಅಂತಸ್ತಿನಿಂದಲ್ಲದೆ ಕಾಲಿನಿಂದ ಒಂದುಮಾಡುವ ಯೋಚನೆ ಪರದೇಶದ್ದಲ್ಲ ಎಂಬುದಂತೂ ಆ ಸಂಜೆ ಖಾತ್ರಿಯಾಯಿತು.

‘ಏಕಶಫ’ವನ್ನು ಪತ್ರಿಕೆಯಲ್ಲಿ ಬಳಸಿದರೆ ಓದುಗರು ಅದನ್ನು ಕಫದ ಕಾಯಿಲೆ ಎಂದುಕೊಳ್ಳುವ ಅಪಾಯವಿದೆ. ಕನ್ನಡದಲ್ಲಿ ‘ಒಂಟಿಗೊರಸು’ ಎನ್ನಬಹುದು. ‘ಸೀಳುಗೊರಸು’ ಎಂಬುದು ರೈತರ ಬಾಯಲ್ಲಿ ಈಗಾಗಲೇ ಇದೆ. ಕಾಲುಬಾಯಿ ಜ್ವರ ಸೀಳುಗೊರಸಿನವಕ್ಕೆ ಬರುತ್ತದೆ, ಕುದುರೆಗೆ ಬರುವುದಿಲ್ಲ ಎಂದು ಹೇಳಿದರೆ ಹೈನುಗಾರರಿಗೆ ವಿವರಣೆ ಬೇಕಿಲ್ಲ. ಅದರ ಪಕ್ಕದಲ್ಲಿ ‘ಒಂಟಿಗೊರಸಿನ ಪ್ರಾಣಿ’ ಎಂದಿಟ್ಟರೆ ಜೋಡಿ ಸರಿಹೋಗುತ್ತದೆ. ಪಣಂಬೂರಿನ ಒದ್ದೆ ಮರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕುದುರೆ ನಡೆದ ಗುರುತು ನೋಡಿ: ತುಂಡರಿಸಿದ ಬಳೆಯಂತೆ ಒಂದೇ ಸುತ್ತು. ನಮ್ಮ ಓಣಿಯ ಮಣ್ಣಿನಲ್ಲಿ ಕತ್ತೆ ಬಿಟ್ಟುಹೋದದ್ದೂ ಅದೇ ಸುತ್ತು, ಸ್ವಲ್ಪ ಕಿರಿದು, ಸ್ವಲ್ಪ ಉದ್ದ. ಗೆಳೆಯರಾದ ಪಶುವೈದ್ಯರೊಬ್ಬರಿಗೆ ಈ ಪದ ಹಿಡಿಸಿತು. ಭಾಷಾಂತರದ ಸಭೆಯೊಂದರಲ್ಲಿ ಮುಂದಿಟ್ಟಾಗ, ಕೇಳಲು ಗ್ರಾಮ್ಯವಾಗಿದೆ, ‘ಅಶ್ವವರ್ಗ’ಕ್ಕೆ ಘನತೆ ಇದೆ ಎಂದರು. ಘನತೆ ಇದೆ, ಒಪ್ಪುತ್ತೇನೆ. ಕತ್ತೆಗೆ ಅಡ್ಡಬರುತ್ತಿರುವುದೂ ಅದೇ.

ಸದ್ಯಕ್ಕೆ ನಾನು ಹೊಸ ಪದದ ಗೋಜಿಗೆ ಹೋಗದೆ ಮೂರೂ ಹೆಸರು ಬರೆಯುತ್ತೇನೆ. ಕಳೆದ ಬಾರಿ ರೋಗದ ಪ್ರಕಟಣೆ ಬಂದಾಗಲೂ ‘ಕುದುರೆ, ಕತ್ತೆ, ಹೇಸರಗತ್ತೆ ಸಾಕುವವರ ಗಮನಕ್ಕೆ’ ಎಂದು ಒಂದು ಕಾಲಮಿನ ತಲೆಬರಹ ಕೊಟ್ಟಿದ್ದೆ. ಪುಟ ಕಟ್ಟುವವರು ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ, ಹಿಡಿಸುತ್ತಿಲ್ಲ, ಒಂದು ಪ್ರಾಣಿಯನ್ನು ತೆಗೆಯಿರಿ ಎಂದರು. ಯಾವುದನ್ನು ತೆಗೆದರೂ ಕತ್ತೆಯನ್ನು ತೆಗೆಯಬೇಡಿ ಎಂದು ಹೇಳಿ ಮಲಗಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಅಕ್ಷರ ಕಿರಿದುಮಾಡಿ ಮೂರನ್ನೂ ಉಳಿಸಿದ್ದರು. ಜೊತೆಗೆ ಹಾಕಿದ ಚಿತ್ರ ಮಾತ್ರ ಬಿಳಿಯ ಪಂದ್ಯದ ಕುದುರೆಯದು.